ತೂಕದ ರೈಟರ ಎ ಗ್ರೇಡು ಹಕ್ಕಿಗಳು

ಜವರಯ್ಯನನ್ನು ಕಂಡರೆ ನನಗೆ ಮೊದಲಿನಿಂದಲೂ ಪ್ರೀತಿ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದನ್ನೆಲ್ಲ ಕೇಳಿದವರು, ಇವನಿಗೂ ಅವನಿಗೂ ಏನೋ ಹಳೇ ಜಗಳ ಇರಬೇಕು ಅಂದುಬಿಡುತ್ತಾರೆ. ಜಗಳ ಗಿಗಳ ಏನೂ ಇಲ್ಲ. ಒಂದೇ ಕಾಫಿ ಎಸ್ಟೇಟಿನಲ್ಲಿ ನಾನು ಸ್ಟೋರಿನ ಲೆಕ್ಕ ಬರೆಯುವ ರೈಟರು, ಅವನು ತೂಕದ ರೈಟರು. ನಮ್ಮಿಬ್ಬರ ಮನೆಗೂ ನಡುವೆ ಒಂದು ಗೋಡೆ, ಅದೂ ಮಾತು ತಡೆಯುವಂಥ ಗೋಡೆಯಲ್ಲ.

ಕೊಡಗು ಆಗ ಇನ್ನೂ ತನ್ನಷ್ಟಕ್ಕೆ ತಾನು ಒಂದು ರಾಜ್ಯ. ಬೆಳಿಗ್ಗೆ ಸಿದ್ದಾಪುರದಲ್ಲಿ ಬಸ್ಸು ಹತ್ತಿದವನು ರಾಜ್ಯದ ಅರ್ಧ ಭಾಗ ನೋಡಿ ರಾತ್ರಿ ಊಟಕ್ಕೆ ಮನೆಗೆ ಬರಬಹುದಿತ್ತು. ಇಂಥ ಚಿಕ್ಕ ರಾಜ್ಯದಲ್ಲಿ ದೊಡ್ಡ ಮನುಷ್ಯನಾಗುವುದು ಸುಲಭ. ಆದೆನೆಂದು ಹೇಳಿಕೊಂಡು ಸಿಕ್ಕಿಬೀಳುವುದು ಅದಕ್ಕಿಂತ ಸುಲಭ.

ಜವರಯ್ಯ ಹಾಸನದ ಕಡೆಯಿಂದ ಬಂದವನು. ಹಣ್ಣು ಕೀಳುವ ಪಿಕಿಂಗ್ ಕಾಲದಲ್ಲಿ ಆಳುಗಳು ಹೊತ್ತು ತಂದ ಕಾಫಿ ಹಣ್ಣನ್ನು ತಕ್ಕಡಿಗೆ ಹಾಕಿಸಿ ತೂಕವನ್ನು ಗಟ್ಟಿಯಾಗಿ ಕೂಗುವುದು ಅವನ ಕೆಲಸ. ಅವನ ಹೆಸರು ಜವರಯ್ಯ ಎಂದು ಅವನ ಹೆಂಡತಿಗೂ ನನಗೂ ಬಿಟ್ಟರೆ ಹೆಚ್ಚು ಜನರಿಗೆ ಗೊತ್ತಿರಲಿಲ್ಲ. ಎಲ್ಲರಿಗೂ ‘ತೂಕದ ರೈಟರು’. ಪಾಪ, ಅವನಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು.

ಈ ಜವರಯ್ಯನ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಡಬ್ಬಿಯಲ್ಲಿ ಐವತ್ತು ಹಕ್ಕಿಗಳು. ಯುದ್ಧಕ್ಕೆ ಮುಂಚೆ ಸಿಗರೇಟು ಪ್ಯಾಕೆಟ್ಟಿನೊಳಗೆ ಒಂದೊಂದು ಬಣ್ಣದ ಚಿತ್ರದ ಕಾರ್ಡು ಬರುತ್ತಿತ್ತಲ್ಲ, ಅವು. ಆಗಿನ ದೊರೆ, ಅಂದರೆ ಎಸ್ಟೇಟಿನ ಬಿಳಿ ಮ್ಯಾನೇಜರು, ಹೊಗೆ ಬಿಡುವ ಬಾಯ್ಲರ್ ಇದ್ದಂತೆ ಇದ್ದ. ಅವನು ಎಸೆದ ಕಾರ್ಡುಗಳನ್ನು ಬಟ್ಲರು ಹೆಕ್ಕಿ ತಂದುಕೊಡುತ್ತಿದ್ದ. ನವಿಲು, ಗಿಳಿ, ಮರಕುಟಿಗ, ಹದ್ದು, ಕೊಕ್ಕರೆ ಎಂದು ಐವತ್ತೂ ಸೇರಿತು. ಆಮೇಲೆ ಯುದ್ಧ ಬಂತು, ಕಾರ್ಡು ನಿಂತಿತು, ದೊರೆ ಊರಿಗೆ ಹೋದ. ಹಕ್ಕಿಗಳು ಮಾತ್ರ ಡಬ್ಬಿಯಲ್ಲಿ ಉಳಿದವು.

ಕೊಡಗಿನ ಮಳೆಗಾಲ ಗೊತ್ತಲ್ಲ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಎರಡು ದಿನ ಸುಮ್ಮನೆ ಕೂತರೆ ಮನುಷ್ಯನಿಗೂ ಬೂಷ್ಟು. ಮನೆಯಲ್ಲಿ ಒಣಗಿರುವ ಜಾಗ ಎಂದರೆ ಒಲೆಯ ಮೇಲಿನ ಅಟ್ಟ ಒಂದೇ. ಆ ಅಟ್ಟದಲ್ಲಿ ಜವರಯ್ಯನ ಡಬ್ಬಿ ಇತ್ತು. ಅವನ ಹೆಂಡತಿ ವನಜಮ್ಮನ ಹಪ್ಪಳ, ಸಂಡಿಗೆ, ಒಣಮೆಣಸಿನಕಾಯಿ ಎಲ್ಲ ಕೆಳಗೆ ಬೂಷ್ಟು ಹಿಡಿದು ಕೂತಿರುತ್ತಿದ್ದವು.

“ಇದು ಡಬ್ಬಿ ಅಲ್ಲ, ಸವತಿ,” ಎನ್ನುತ್ತಿದ್ದಳು ವನಜಮ್ಮ. “ನನ್ನನ್ನಾದ್ರೂ ಒಂದು ದಿನ ಬೆಚ್ಚಗಿರೋ ಜಾಗದಲ್ಲಿ ಕೂರಿಸಿದ್ದೀರಾ? ನೋಡ್ತಾ ಇರಿ, ಒಂದಲ್ಲ ಒಂದಿನ ಇದನ್ನ ಹಂಡೆ ಒಲೆಗೆ ಹಾಕಿ ನೀರು ಕಾಯಿಸ್ತೀನಿ.”

ಕಾರ್ಡಿಗೆ ಅವಳ ಕೈ ತಾಗಕೂಡದು ಎಂದು ಜವರಯ್ಯನ ಕಟ್ಟಪ್ಪಣೆ ಬೇರೆ. ಬೆವರಿನ ಕೈಯಂತೆ, ಎಣ್ಣೆಯ ಕೈಯಂತೆ. ಮದುವೆಯಾದಾಗಿನಿಂದ ಅವಳು ಒಂದೇ ಒಂದು ಹಕ್ಕಿಯನ್ನೂ ಮುಟ್ಟಿರಲಿಲ್ಲ.

ಹೀಗಿರುವಾಗ ಆ ವರ್ಷ ಮಳೆ ಇಳಿಯುವ ಹೊತ್ತಿಗೆ ನಮ್ಮ ಹೊಸ ದೊರೆ, ಕಾಫಿ ಹಣ್ಣು ತೂಗಿ ಸುಲಿಯುವ ವರ್ಕ್ಸಿಗೆ ಬಂದ. ವಿಲ್ಕಿನ್ ದೊರೆ ಎಂದು. ಮನುಷ್ಯ ಒಳ್ಳೆಯವನು, ಆದರೆ ಕನ್ನಡವನ್ನು ಕೆಲಸ ಹೇಳುವುದಕ್ಕಷ್ಟೇ ಕಲಿತಿದ್ದ. ಬಾ, ಹೋಗು, ತೂಗು, ಎತ್ತು, ನಿಲ್ಲು. ಅವನ ಬಾಯಲ್ಲಿ ಹೊಗಳಿಕೆ ಬಂದರೂ ಬೈದ ಹಾಗೇ ಇರುತ್ತಿತ್ತು. ಜವರಯ್ಯ ಆಗ ಕೆಲಸವಿಲ್ಲದೆ ನವಿಲಿನ ಕಾರ್ಡನ್ನು ಹಾಳೆಯಲ್ಲಿ ಸುತ್ತಿ ತಂದು ಕದ್ದು ನೋಡುತ್ತಿದ್ದ. ದೊರೆ ಬಂದದ್ದು ಗೊತ್ತಾಗಲಿಲ್ಲ.

“ಏನದು? ಕೊಡು,” ಎಂದ ದೊರೆ.

ಕೆಲಸ ಹೋಯಿತು ಎಂದುಕೊಂಡು ಜವರಯ್ಯ ಕೊಟ್ಟ. ದೊರೆ ಜೇಬಿನಿಂದ ಭೂತಗನ್ನಡಿ ತೆಗೆದು ಕಾರ್ಡಿನ ಮೇಲೆ ಬಗ್ಗಿದ. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಆಮೇಲೆ ನೋಡಿದರೆ ಮುಖವೆಲ್ಲ ಕೆಂಪಗಾಗಿದೆ, ಸಂತೋಷಕ್ಕೆ.

“ಮೂಲೆ ನೋಡು. ಚೂಪು. ಅಂಚು ನೋಡು. ಮುಖ ನೋಡು. ಬೆನ್ನು ನೋಡು. ಕಲೆ ಇಲ್ಲ, ಮಡಿಕೆ ಇಲ್ಲ. ನಂಬರ್ ಒನ್!”

ಅರ್ಧ ಇಂಗ್ಲಿಷು ಅರ್ಧ ಅಪ್ಪಣೆಯಲ್ಲಿ ದೊರೆ ಹೇಳಿದ್ದರ ಸಾರ ಇಷ್ಟು. ಅವನೂ ಇಂಥ ಕಾರ್ಡು ಕೂಡಿಸುವವನೇ. ಲಂಡನ್ನಿನಲ್ಲಿ ಇದಕ್ಕೊಂದು ಸಂಘವಿದೆ, ವರ್ಷಕ್ಕೊಮ್ಮೆ ಪ್ರದರ್ಶನ ನಡೆಯುತ್ತದೆ. ಮೂಲೆ, ಅಂಚು, ಮುಖ, ಬೆನ್ನು ನೋಡಿ ಕಾರ್ಡಿಗೆ ದರ್ಜೆ ಕೊಡುತ್ತಾರೆ. ದೀಪಾವಳಿ ಕಳೆದು ಅವನು ರಜೆಗೆ ಊರಿಗೆ ಹೋಗುವವನಿದ್ದಾನೆ. ಒಂದು ದಿನ ಮನೆಗೆ ಬಂದು ಎಲ್ಲವನ್ನೂ ನೋಡುತ್ತಾನೆ. ಐವತ್ತೂ ಹೀಗೇ ಇದ್ದರೆ ಒಯ್ದು ಪ್ರದರ್ಶನದಲ್ಲಿ ಇಡುತ್ತಾನೆ, ಕೆಳಗೆ ಜವರಯ್ಯನ ಹೆಸರು ಬರೆಸುತ್ತಾನೆ.

“ಹೀಗೇ ಇಡು. ಏನೂ ಮಾಡಬೇಡ,” ಎಂದು ದೊರೆ ಹೊರಟುಹೋದ.

ಲಂಡನ್ನಿನಲ್ಲಿ ಹೆಸರು! ಸಿದ್ದಾಪುರದಲ್ಲೇ ಇಲ್ಲದ ಹೆಸರು! ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಜವರಯ್ಯ ಕೊಡೆ ಒಂದನ್ನು ಹಿಡಿಯಲಿಲ್ಲ, ಅಷ್ಟೆ. ಮಿಕ್ಕಿದ್ದನ್ನೆಲ್ಲ ಮಾಡಿದ.

ಮೊದಲಿಗೆ ದರ್ಜೆಗಳನ್ನು ಗೊತ್ತುಮಾಡಿಕೊಂಡ. ಅವನಿಗೆ ತಿಳಿದಿದ್ದ ದರ್ಜೆ ಎಂದರೆ ಕಾಫಿ ಬೀಜದ್ದು. ಎ, ಬಿ, ಸಿ, ಕೊನೆಗೆ ಯಾತಕ್ಕೂ ಬಾರದ ಕರಿಬೀಜ. ಅದನ್ನೇ ಕಾರ್ಡಿಗೆ ಹಾಕಿದ. ಅವನ ಐವತ್ತೂ ಎ ಗ್ರೇಡು, ಅದರಲ್ಲಿ ಅನುಮಾನವಿಲ್ಲ. ಹಾಗಾಗಿ ಗ್ರೇಡು ಮಾಡುವುದಕ್ಕೆ ಮನೆಯಲ್ಲಿ ಏನೂ ಉಳಿಯಲಿಲ್ಲ. ಕೈ ಕಡಿತ ತಡೆಯಲಾರದೆ ಪ್ರಪಂಚಕ್ಕೆ ಗ್ರೇಡು ಕೊಡಲು ಶುರುಮಾಡಿದ.

ಅಂಚೆಯವನು ಹಾಸನದಿಂದ ಬಂದ ಅವನ ಸ್ವಂತ ಅಣ್ಣನ ಕಾಗದ ತಂದುಕೊಟ್ಟ. ಜವರಯ್ಯ ಅದನ್ನು ಬೆಳಕಿಗೆ ಹಿಡಿದು, “ಮೂಲೆ ಮಡಿಸಿದೆ, ಬೆನ್ನ ಮೇಲೆ ಬೆರಳಿನ ಗುರುತು. ಸಿ ಗ್ರೇಡು. ವಾಪಸು ತಗೊಂಡು ಹೋಗಿ,” ಎಂದ.

“ರೈಟರೇ, ಇದು ಕಾಗದ, ಕೋಸುಗಡ್ಡೆ ಅಲ್ಲ!” ಎಂದು ಅಂಚೆಯವನು ಬಾಗಿಲಲ್ಲೇ ಎಸೆದು ಹೋದ.

ಆಚೆ ಮನೆಯ ಪೊನ್ನಮ್ಮ ಬಿಸಿ ಬಿಸಿ ಅಕ್ಕಿರೊಟ್ಟಿ ಮಾಡಿ ತಂದುಕೊಟ್ಟಳು. ಇವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಮುಖ ಎ, ಬೆನ್ನು ಸುಟ್ಟಿದೆ, ಅಂಚು ಹರಿದಿದೆ. ಒಟ್ಟಿನಲ್ಲಿ ಬಿ,” ಎಂದ. ಪೊನ್ನಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಅವಳು ಒಳ್ಳೆಯವಳು. ಅವಳ ಗಂಡ ಬೊಳ್ಳಪ್ಪ ನಗಲಿಲ್ಲ, ಯಾಕೆಂದರೆ ಅವನ ಸರದಿ ಆ ಭಾನುವಾರ ಬಂತು.

ಬೊಳ್ಳಪ್ಪ ಕೊಡಗಿನವನೇ, ಅರೆಭಾಷೆ ಆಡುವವನು, ಎಸ್ಟೇಟಿನ ಮೇಸ್ತ್ರಿ, ಮೀಸೆ ಮಾತ್ರ ಮಾಲೀಕನದು. ಅವನ ಮನೆಯ ಗೋಡೆಯಲ್ಲಿ ಅವನ ಅಜ್ಜನ ಫೋಟೋ ತೂಗುಹಾಕಿತ್ತು. ಮೊಣಕಾಲಿನವರೆಗಿನ ಕರಿ ಕುಪ್ಪಸ, ಪೇಟ, ಕೈಯಲ್ಲಿ ಕೋವಿ. ಕಾಫಿ ಕುಡಿಯಲು ಕರೆದವರ ಮನೆಯಲ್ಲಿ ಜವರಯ್ಯ ಬೆಂಚು ಎಳೆದು ಹತ್ತಿ ಆ ಫೋಟೋಕ್ಕೆ ಮೂಗು ತಾಗಿಸಿದ.

“ಎಡಗಡೆ ಕೆಳಗಿನ ಮೂಲೆ ಇಲ್ಲ. ಮುಖದ ಮೇಲೆ ಬೂಷ್ಟು. ಇದನ್ನ ಸಿ ಅನ್ನೋಕೂ ಆಗಲ್ಲ ಬೊಳ್ಳಪ್ಪನವರೇ, ಕರಿಬೀಜ.”

ಬೊಳ್ಳಪ್ಪನ ಕೈಯಲ್ಲಿದ್ದ ಲೋಟ ನಿಂತಲ್ಲೇ ನಿಂತಿತು. “ಎಂತ? ನನ್ನ ಅಜ್ಜ ಕರಿಬೀಜವಾ? ಹುಲಿ ಹೊಡೆದವರು ಅವರು! ನಂಗೂ ಮರ್ಯಾದೆ ಉಂಟು ರೈಟರೇ, ಇಳೀರಿ ಬೆಂಚಿಂದ!”

“ಅಜ್ಜನಿಗಲ್ಲ, ಅಜ್ಜನ ಕಂಡೀಷನ್ನಿಗೆ...”

“ಅಜ್ಜನ ಕಂಡೀಷನ್ನಿಗೆ ಎಂತ ಆಗಿತ್ತು? ತೊಂಬತ್ತಾದ್ರೂ ಕಡವೆ ಹೊತ್ತು ತರ್ತಿದ್ರು!”

ಜಗಳ ಅಂಗಳಕ್ಕೆ ಬಂತು. ಆಳುಗಳ ಸಾಲುಮನೆಗಳ ಎರಡೂ ಲೈನಿನ ಜನ ಸೇರಿದರು. ಬೊಳ್ಳಪ್ಪ ತೊಡೆ ತಟ್ಟಿ ಕೇಳಿದ, “ಊರಿಗೆಲ್ಲ ಗ್ರೇಡು ಕೊಡ್ತೀರಲ್ಲ, ನಿಮ್ಮ ಹಕ್ಕಿಗೆ ಗ್ರೇಡು ಕೊಟ್ಟವರು ಯಾರು? ದೊರೆ ಒಂದು ನೋಡಿದ್ದಾರೆ. ಮಿಕ್ಕಿದ್ದು ಎಂತದೋ ಯಾರಿಗೆ ಗೊತ್ತು?”

ಮಾತು ಮನೆ ಕೆಡಿಸಿತು ಎನ್ನುವುದು ಸುಮ್ಮನೆ ಅಲ್ಲ. ಜವರಯ್ಯ ಎದೆ ಉಬ್ಬಿಸಿ, ತೂಕ ಕೂಗುವ ದನಿಯಲ್ಲೇ ಕೂಗಿದ. “ಎಲ್ಲಾರೂ ಕೇಳಿಸ್ಕೊಳ್ಳಿ! ದೊರೆ ನಮ್ಮನೆಗೆ ಬರ್ತಾರೆ. ನಿಮ್ಮೆಲ್ಲರ ಎದುರಿಗೇ ನೋಡ್ತಾರೆ. ಅವರು ನಂಬರ್ ಒನ್ ಅನ್ನದ ಹಕ್ಕಿ ಒಂದಿದ್ರೂ ಅದನ್ನ ನನ್ನ ಕೈಯಾರೆ ಹಂಡೆ ಒಲೆಗೆ ಹಾಕ್ತೀನಿ. ಮಾತು ಅಂದ್ರೆ ಮಾತು!”

“ಮಾತು ಅಂದ್ರೆ ಮಾತು,” ಎಂದ ಬೊಳ್ಳಪ್ಪ. “ಬೆಂಕಿಪೊಟ್ಟಣ ನಾ ತರ್ತೇನೆ.”

ನಾನು ಗೋಡೆಯ ಈಚೆಯಿಂದ ಅಂದು ಸಂಜೆ ವನಜಮ್ಮನ ಬೈಗುಳಕ್ಕೆ ಕಾದುಕೂತೆ. ಏನೂ ಬರಲಿಲ್ಲ. ಅಲ್ಲೇ ಆದದ್ದು ತಿರುವು. ಊರಿನ ಹೆಂಗಸರು ಅಷ್ಟು ಹೊತ್ತಿಗೆ ವನಜಮ್ಮನನ್ನು ನೋಡುವ ರೀತಿಯೇ ಬದಲಾಗಿತ್ತು. ನಲ್ಲಿಯ ಹತ್ತಿರ ಅವಳ ಕೊಡಕ್ಕೆ ಜಾಗ ಬಿಡುತ್ತಿದ್ದರು. “ದೊರೆ ಬರುವುದಂತೆ ನಿಮ್ಮನೆಗೆ, ಹೌದಾ ವನಜಕ್ಕ?” “ಲಂಡನ್ನಿಗೆ ನಿಮ್ಮವರ ಹೆಸರು ಹೋಗ್ತದಂತೆ!” ಇಷ್ಟು ವರ್ಷ ‘ಕಾಗದ ಕೂಡಿಸುವವನ ಹೆಂಡತಿ’ ಎಂದು ಕುಹಕ ಕೇಳಿದವಳು ಅವಳು. ಮೊದಲ ದಿನ ‘ಅಯ್ಯೋ ಬಿಡಿ’ ಎಂದಳು. ಎರಡನೇ ದಿನ ನಕ್ಕಳು. ಮೂರನೇ ದಿನ ಅಟ್ಟದ ಮೇಲಿನ ಡಬ್ಬಿಯ ಧೂಳು ತಾನೇ ಒರೆಸಿದಳು, ಹೊರಗಿನಿಂದ ಮಾತ್ರ.

ಅವಳ ತಾಯಿ ನಿಂಗಮ್ಮ ನವರಾತ್ರಿಗೆಂದು ಹಾಸನದಿಂದ ಬಂದಿದ್ದಳು. ಮುದುಕಿ ಕೇಳಿದಳು, “ಆ ಸವತಿ ಇನ್ನೂ ಐತೇನೇ?” ಎಂದು.

“ಅವ್ವಾ, ಹಂಗೆಲ್ಲ ಅನ್ಬೇಡ. ನಮ್ಮನೆಯವರ ಹೆಸರು ಅದರಿಂದಲೇ ಬರೋದು,” ಎಂದಳು ವನಜಮ್ಮ. ಗೋಡೆಯ ಈಚೆ ಇದ್ದ ನಾನು ಕಿವಿ ಉಜ್ಜಿಕೊಂಡೆ.

ಆಯುಧ ಪೂಜೆ ಬಂತು. ಆ ದಿನ ವರ್ಕ್ಸಿನಲ್ಲಿ ಹಣ್ಣು ಸುಲಿಯುವ ಪಲ್ಪರಿಗೆ ಪೂಜೆ, ಲಾರಿಗೆ ಪೂಜೆ, ಕತ್ತಿ ಗುದ್ದಲಿಗೆ ಪೂಜೆ, ಜವರಯ್ಯನ ತಕ್ಕಡಿಗೂ ಪೂಜೆ. ದೊರೆ ಬಂದು ಹಣೆ ಬಗ್ಗಿಸಿ ಕುಂಕುಮ ಇಡಿಸಿಕೊಂಡು, ಕೈ ತುಂಬ ಕಡಲೆಪುರಿ ತಿಂದು, ಖುಷಿಯಾಗಿ ಜವರಯ್ಯನ ಬೆನ್ನಿಗೆ ಒಂದು ಹೊಡೆದ.

“ನಡೆ. ಇವತ್ತು ಹಕ್ಕಿ ತೋರಿಸು.”

ಮುಂದೆ ದೊರೆ, ಪಕ್ಕದಲ್ಲಿ ಜವರಯ್ಯ, ಹಿಂದೆ ನಾನು, ನನ್ನ ಹಿಂದೆ ಎರಡು ಲೈನು ಜನ. ಬೊಳ್ಳಪ್ಪ ಬೆಂಕಿಪೊಟ್ಟಣ ತರಲು ಮನೆಗೆ ಓಡಿದ.

ಮನೆಯ ಬಾಗಿಲಿಗೆ ಮಾವಿನ ತೋರಣ. ನಡುಮನೆಯಲ್ಲಿ ಮಣೆ, ಮಣೆಯ ಮೇಲೆ ಡಬ್ಬಿ, ಡಬ್ಬಿಗೆ ಚೆಂಡುಹೂವಿನ ಹಾರ, ಎದುರಿಗೆ ಒಡೆದ ತೆಂಗಿನಕಾಯಿ. ಜವರಯ್ಯನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಡಬ್ಬಿಗೆ ಅವಳ ಕೈಯಲ್ಲಿ ಮರ್ಯಾದೆ ಸಿಕ್ಕಿತ್ತು. ಎಲ್ಲರನ್ನೂ ಕೂರಿಸಿ, ಕೈ ತೊಳೆದು ಒರೆಸಿ, ಮುಚ್ಚಳ ತೆಗೆದ.

ತೆಗೆದವನು ಹಾಗೇ ನಿಂತ.

ಮೇಲೆ ನವಿಲು ಇತ್ತು. ನವಿಲಿನ ಹಣೆಗೆ ಉದ್ದಿನ ಬೇಳೆಯಷ್ಟು ಅರಿಸಿನ, ಅದರ ನಡುವೆ ಎದ್ದು ಕಾಣುವ ಕುಂಕುಮ. ಅದರ ಕೆಳಗೆ ಗಿಳಿ, ಗಿಳಿಗೂ ಕುಂಕುಮ. ಮರಕುಟಿಗನಿಗೆ, ಕೊಕ್ಕರೆಗೆ, ಬಾತಿಗೆ, ಎಲ್ಲಕ್ಕೂ ಅರಿಸಿನ ಕುಂಕುಮ. ಒಂದರದ್ದು ಇನ್ನೊಂದರ ಬೆನ್ನಿಗೆ ಅಂಟಿತ್ತು. ಹಕ್ಕಿಗಳೆಲ್ಲ ಬಾಗಿನ ಇಸಿದುಕೊಳ್ಳಲು ಬಂದ ಮುತ್ತೈದೆಯರ ಹಾಗೆ ನೋಡುತ್ತಿದ್ದವು.

“ಏನಿದು?” ಎಂದ ದೊರೆ.

ವನಜಮ್ಮ ಬಾಗಿಲ ಹಿಂದಿನಿಂದ ಮುಂದೆ ಬಂದಳು. ನಾಚಿಕೆ ಒಂದು ಕಡೆ, ಹೆಮ್ಮೆ ಒಂದು ಕಡೆ. “ನಾನೇ ಮಾಡಿದ್ದು ಸ್ವಾಮಿ. ಇವತ್ತು ಆಯುಧ ಪೂಜೆ ಅಲ್ವಾ. ಎಲ್ಲಾರ ಆಯುಧಕ್ಕೂ ಪೂಜೆ ಆಯ್ತು, ನಮ್ಮನೆಯವರಿಗೆ ಹೆಸರು ತರೋದು ಇದು, ಇದಕ್ಕೆ ಬೇಡ್ವಾ? ಮೊದಲು ಒದ್ದೆ ಬಟ್ಟೇಲಿ ಒಂದೊಂದನ್ನೇ ಒರೆಸ್ದೆ. ಆಮೇಲೆ ಇಟ್ಟೆ. ಬರೀ ಡಬ್ಬಿಗೆ ಇಟ್ಟರೆ, ದೇವರನ್ನ ಬಿಟ್ಟು ಗುಡಿ ಗೋಡೆಗೆ ಪೂಜೆ ಮಾಡಿದಂಗಾಗುತ್ತೆ.”

ಒದ್ದೆ ಬಟ್ಟೆ ಎಂದಾಗ ಜವರಯ್ಯ ಕಣ್ಣು ಮುಚ್ಚಿಕೊಂಡ.

“ಗೂಬೆಗೊಂದು ಇಡಲಿಲ್ಲ ಸ್ವಾಮಿ,” ಎಂದು ನಿಂಗಮ್ಮ ಮೂಲೆಯಿಂದ ದನಿ ಸೇರಿಸಿದಳು. “ರಣಹದ್ದಿಗೆ ಇಟ್ಟೆವು, ಜಟಾಯು ಕುಲ. ಕಾಗೆಗೆ ಇಟ್ಟೆವು, ಶನಿದೇವರ ವಾಹನ. ಗೂಬೆ ಮಾತ್ರ ಬೇಡ, ಒರೆಸಲೂ ಬೇಡ, ಒಳ್ಳೇ ದಿನ ಮುಟ್ಟಬ್ಯಾಡ ಅಂದೆ ನಾನೇ.”

ದೊರೆ ಭೂತಗನ್ನಡಿ ತೆಗೆದು ಒಂದೊಂದನ್ನೇ ನೋಡುತ್ತ ಹೋದ. “ಮೂಲೆ, ಸರಿ. ಅಂಚು, ಸರಿ. ಮುಖ...” ಎಂದು ನಿಲ್ಲಿಸುತ್ತಿದ್ದ. ಮುಖಕ್ಕೆ ಏನಾಯಿತು ಎಂದು ಹೇಳಲು ಅವನ ಕನ್ನಡದಲ್ಲಿ ಮಾತಿರಲಿಲ್ಲ. ತಳಕ್ಕೆ ಬಂದಾಗ ಗೂಬೆ ಸಿಕ್ಕಿತು. ಪರಿಶುದ್ಧವಾದ ಗೂಬೆ. ಮೂಲೆ ಚೂಪು, ಮುಖ ಹೊಳಪು. ದೊರೆ ಅದನ್ನು ಮೇಲೆತ್ತಿ ಹಿಡಿದ.

“ಇದು ನಂಬರ್ ಒನ್. ಇದು ಒಂದೇ. ಮಿಕ್ಕಿದ್ದು ಹೋಯಿತು.”

ವನಜಮ್ಮ ಗಂಡನ ಮುಖ ನೋಡಿದಳು. “ಏನ್ರೀ? ಏನು ಹೋಯ್ತಂತೆ?”

“ಏನಿಲ್ಲ ಕಣೆ,” ಎಂದ ಜವರಯ್ಯ.

ಅಷ್ಟರಲ್ಲಿ ಬೊಳ್ಳಪ್ಪ ಬಂದುಬಿಟ್ಟಿದ್ದ. “ಎಂತ ಇಲ್ಲ? ಕುಂಕುಮ ಹತ್ತಿ ಎಲ್ಲ ಕರಿಬೀಜ ಆಯ್ತು ಅಂತ ಹೇಳ್ತಿದ್ದಾರೆ ದೊರೆ.”

ವನಜಮ್ಮ ನಿಂತಲ್ಲೇ ಕುಸಿದು ಕೂತಳು. ತನ್ನ ಬಲಗೈಯನ್ನು ನೋಡಿಕೊಂಡಳು. ಉಂಗುರದ ಬೆರಳು ಇನ್ನೂ ಕೆಂಪಗಿತ್ತು. “ನಾನೇ ಹಾಳು ಮಾಡಿದ್ನಾ?” ಎಂದಳು. ಸುಳ್ಳು ಹೇಳುವುದಿಲ್ಲ, ಬೊಳ್ಳಪ್ಪನ ಮುಖವೂ ಸ್ವಲ್ಪ ಇಳಿಯಿತು.

ಜವರಯ್ಯ ಕೂಗಾಡುತ್ತಾನೆ ಎಂದು ಎಲ್ಲರೂ ಕಾದೆವು. ಅವನು ಕೂಗಾಡಲಿಲ್ಲ. “ನೀನು ಹಾಳು ಮಾಡಿಲ್ಲ. ನನ್ನ ಬಾಯಿ ಹಾಳು ಮಾಡ್ತು. ಬೊಳ್ಳಪ್ಪನವರೇ, ನಿಮ್ಮಜ್ಜನ ಶಾಪ,” ಎಂದು ಗೂಬೆಯನ್ನು ದೊರೆಯ ಕೈಯಲ್ಲೇ ಬಿಟ್ಟು, ಡಬ್ಬಿ ಎತ್ತಿಕೊಂಡು ಬಚ್ಚಲಮನೆಯ ಕಡೆ ನಡೆದ. ಅಲ್ಲಿ ಹಬ್ಬದ ಸ್ನಾನಕ್ಕೆಂದು ಹಚ್ಚಿದ ಹಂಡೆ ಒಲೆ ಇನ್ನೂ ನಿಗಿನಿಗಿ ಉರಿಯುತ್ತಿತ್ತು.

ಆಗ ಎದ್ದಳು ನೋಡಿ ವನಜಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿದವಳೇ ಹೋಗಿ ಬಚ್ಚಲಮನೆಯ ಬಾಗಿಲಿಗೆ ಅಡ್ಡ ನಿಂತಳು.

“ಎಲ್ಲಿಗೆ ಹೊರಟಿರಿ?”

“ಮಾತು ಕೊಟ್ಟಿದ್ದೀನಿ ಕಣೆ. ದಾರಿ ಬಿಡು.”

“ಮಾತಂತೆ ಮಾತು! ಅರಿಸಿನ ಕುಂಕುಮ ಇಟ್ಟು ಪೂಜೆ ಮಾಡಿದ್ದನ್ನ ಒಲೆಗೆ ಹಾಕ್ತೀರಾ? ಆಯುಧ ಪೂಜೆ ದಿನ? ಮನೆ ಉದ್ಧಾರ ಆಗುತ್ತಾ? ಅದ್ಯಾವನು ಹಾಕ್ತಾನೋ ಹಾಕ್ಲಿ, ನಾನೂ ನೋಡ್ತೀನಿ! ಬೊಳ್ಳಪ್ಪಣ್ಣ, ನೀವು ಹಾಕ್ತೀರಾ?”

ಬೊಳ್ಳಪ್ಪ ಎರಡು ಹೆಜ್ಜೆ ಹಿಂದೆ ಸರಿದ. “ಛೆ ಛೆ, ನಂಗೆ ಎಂತಕ್ಕೆ ಆ ಪಾಪ.” ಆದರೆ ಮೀಸೆ ಸುಮ್ಮನಿರಬೇಕಲ್ಲ. “ಹಾಗಾದ್ರೆ ಪೂಜೆ ಆಗದ ಗೂಬೆಯನ್ನಾದ್ರೂ ಹಾಕ್ಲಿ. ಒಂದಾದ್ರೂ ಹೋಗ್ಲಿ.”

“ಬೇಡ! ಗೂಬೆ ನಂಬರ್ ಒನ್!” ಎಂದು ದೊರೆ ಅದನ್ನು ಎದೆಗೆ ಒತ್ತಿಕೊಂಡ.

ಪೊನ್ನಮ್ಮ ಕಿಸಕ್ಕನೆ ನಕ್ಕಳು. “ನಂಬರ್ ಒನ್ ಆದದ್ದನ್ನ ಹಾಕುವ ಹಾಗಿಲ್ಲ, ಪೂಜೆ ಆದದ್ದನ್ನ ಹಾಕುವ ಹಾಗಿಲ್ಲ. ನೀವು ಬೆಂಕಿಪೊಟ್ಟಣ ಜೇಬಿಗೆ ಹಾಕಿ, ಮನೆಗೆ ನಡೀರಿ.” ಅಂಗಳವೆಲ್ಲ ನಕ್ಕಿತು. ಬೊಳ್ಳಪ್ಪನೂ ನಕ್ಕ, ಬೇರೆ ದಾರಿಯಿರಲಿಲ್ಲ.

ನಗು ನಿಂತ ಮೇಲೆ ದೊರೆ ಜವರಯ್ಯನನ್ನು ಕರೆದ. ಅವನಿಗೂ ಮನಸ್ಸು ಕರಗಿತ್ತು ಎಂದು ಕಾಣುತ್ತದೆ. “ಕೇಳು. ಗೂಬೆ ಒಂದು ಕೊಡು. ಲಂಡನ್ನಿಗೆ ಒಯ್ಯುತ್ತೇನೆ. ನಿನ್ನ ಹೆಸರು ಬರೆಯುತ್ತೇನೆ. ಪೂರಾ ಹೆಸರು,” ಎಂದು ಕಾರ್ಡನ್ನು ಅವನ ಕೈಗೆ ಇಟ್ಟ, ಅವನೇ ಕೈಯಾರೆ ಕೊಡಲಿ ಎಂದು.

ಜವರಯ್ಯನ ಮುಖ ಅರಳಿತು. ನಲವತ್ತೊಂಬತ್ತು ಹೋದರೂ ಒಂದಿದೆ. ತೂಕದ ರೈಟರಲ್ಲ, ಜವರಯ್ಯ, ಲಂಡನ್ನಿನ ಗೋಡೆಯಲ್ಲಿ. ನಾನೂ ಮನಸ್ಸಿನಲ್ಲೇ ‘ಕೊಟ್ಟುಬಿಡು ಮಾರಾಯ’ ಎಂದೆ.

ವನಜಮ್ಮ ಕಣ್ಣೊರೆಸಿಕೊಂಡು ಹತ್ತಿರ ಬಂದಳು. ಕಾರ್ಡನ್ನು ಇಣುಕಿ ನೋಡಿದಳು. “ಇದೊಂದೇ ಹೋಗುತ್ತಾ ಪರದೇಶಕ್ಕೆ? ಜೊತೆಗೆ ಯಾರೂ ಇಲ್ಲದೆ?” ಎಂದಳು. ಆಮೇಲೆ, “ಅವ್ವ ಹೇಳಿದ್ದು ಕೇಳಿ ಇದೊಂದನ್ನ ಬಿಟ್ಟೆ. ಪಾಪ, ಅಷ್ಟು ದೂರ ಹೋಗೋದನ್ನ ಬರೀ ಹಣೇಲಿ ಕಳಿಸೋದಾ?” ಎಂದಳು. ಹೇಳಿದ ಮೇಲೆ ತಾನು ಹೇಳಿದ್ದೇನು ಎಂದು ಹೊಳೆದು, ಕೆಂಪು ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. “ಬೇಡ ಬೇಡ. ನಾನು ಮುಟ್ಟಲ್ಲ. ನೀವು ಕೊಟ್ಟು ಕಳಿಸಿ.”

ಜವರಯ್ಯ ಗೂಬೆಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಮಣೆಯ ಪಕ್ಕದಲ್ಲಿದ್ದ ಕುಂಕುಮದ ಬಟ್ಟಲನ್ನು ಎಡಗೈಯಲ್ಲಿ ಎತ್ತಿಕೊಂಡು ಅವಳ ಮುಂದೆ ಹಿಡಿದ.

“ಬೇಡ! ನಿಲ್ಲು! ಮುಟ್ಟಬೇಡ!” ಎಂದು ದೊರೆ ತನಗೆ ಬರುತ್ತಿದ್ದ ಕನ್ನಡವನ್ನೆಲ್ಲ ಒಟ್ಟಿಗೇ ಕೂಗಿದ.

ಜವರಯ್ಯ ಆ ಕಡೆ ತಿರುಗಲೂ ಇಲ್ಲ. ವನಜಮ್ಮ ಸೆರಗಿನಿಂದ ಬೆರಳು ತೆಗೆದು ಕುಂಕುಮಕ್ಕೆ ಅದ್ದಿ ಅಲ್ಲೇ ತಡೆದಳು. ಅವನು ಕಾರ್ಡನ್ನು ಇನ್ನೂ ಸ್ವಲ್ಪ ಅವಳ ಹತ್ತಿರಕ್ಕೆ ತಂದ.

“ಹೆದರಬೇಡ ಕಣೆ, ಇಡು,” ಎಂದ. “ಸ್ವಲ್ಪ ಮೇಲಕ್ಕೆ. ಎರಡು ಕಣ್ಣಿನ ನಡುವೆ.”